ಬೈಲಹೊಂಗಲದ ಮಾಳಿಗೆಯಿಂದ ಬಿಟ್ಟ ವಿಮಾನಗಳು

ಪೈಲಟ್ ಆಗುವ ಆಸೆಯಿಂದ ಈ ಪುಟ ತೆರೆದಿದ್ದರೆ ಮೊದಲೇ ಹೇಳಿಬಿಡುತ್ತೇನೆ, ನಾನು ವಿಮಾನ ಹಾರಿಸಿದವಳಲ್ಲ. ಹಾರಬೇಡಿ ಎಂದು ಹೇಳಿ ಸಂಬಳ ತೆಗೆದುಕೊಂಡವಳು. ಮುಂಬಯಿಯ ಒಂದು ವಿಮಾನ ಕಂಪನಿಯಲ್ಲಿ ಫ್ಲೈಟ್ ಡಿಸ್ಪ್ಯಾಚರ್ ಆಗಿದ್ದೆ. ಹೂಲಿಯ ನನ್ನ ತವರಿನಲ್ಲಿ ಇವತ್ತಿಗೂ ಕೆಲವರು ನಾನು ಪಾರ್ಸಲ್ ಕಳಿಸುವ ಕೆಲಸದಲ್ಲಿದ್ದೆ ಎಂದೇ ತಿಳಿದಿದ್ದಾರೆ. ಹಾಗಲ್ಲ. ವಿಮಾನ ಯಾವ ದಾರಿ ಹಿಡಿಯಬೇಕು, ಎಷ್ಟು ಎತ್ತರದಲ್ಲಿ ಹೋಗಬೇಕು, ಎದುರು ಗಾಳಿ ಎಷ್ಟಿದೆ, ಇಳಿಯುವ ಊರಿನಲ್ಲಿ ಮಂಜು ಮುಸುಕಿದರೆ ಬದಲಿಗೆ ಯಾವ ಊರಿಗೆ ತಿರುಗಬೇಕು, ಇಷ್ಟಕ್ಕೂ ಎಷ್ಟು ಎಣ್ಣೆ ಬೇಕು, ಇದನ್ನೆಲ್ಲ ನೆಲದ ಮೇಲೆ ಕುಳಿತು ಲೆಕ್ಕ ಹಾಕಿ ಒಂದು ಹಾಳೆ ತಯಾರಿಸುವುದು ನಮ್ಮ ಕೆಲಸ. ಆ ಹಾಳೆಗೆ ಕ್ಯಾಪ್ಟನ್ನನ ಸಹಿಯೂ ಬೇಕು, ನಮ್ಮ ಸಹಿಯೂ ಬೇಕು. ನಮ್ಮದು ಬೀಳದಿದ್ದರೆ ವಿಮಾನ ಜಾಗ ಬಿಟ್ಟು ಕದಲುವುದಿಲ್ಲ.

ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಎಂದೆಲ್ಲ ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ಈ ಕೆಲಸಕ್ಕೆ ಬರಲಿರುವ ಹುಡುಗ ಹುಡುಗಿಯರಿಗೆ ನಾನು ಹೇಳಬೇಕಾದದ್ದು ಬಹುಪಾಲು ನಿವೃತ್ತಿಯಾದ ಮೇಲಿನದು. ಬೈಲಹೊಂಗಲದ ನಮ್ಮ ಮನೆಯ ಮಾಳಿಗೆಯಲ್ಲಿ, ಕಣ್ಣಿಗೆ ಕಾಣುವ ಒಂದು ವಿಮಾನವೂ ಇಲ್ಲದೆ, ನೇಸರಗಿಯ ಗಂಗಾ ಎಂಬ ಹೆಣ್ಣುಮಗಳಿಗೆ ಈ ಕೆಲಸ ಕಲಿಸಲು ನಾನು ಪಟ್ಟ ಪಾಡು ಅದು. ಅದಕ್ಕೆ ಮೊದಲು ಹಳೆಯ ಆಫೀಸಿನ ಮಾತು ಸ್ವಲ್ಪ ಆಗಲಿ.

ನಾನು ಸೇರಿದಾಗ ಎಲ್ಲವೂ ಕೈಲೆಕ್ಕ. ಗಾಳಿಯ ನಕ್ಷೆಯನ್ನು ಮೇಜಿನ ತುಂಬ ಹರಡಿ, ಸ್ಕೇಲು ಇಟ್ಟು ಗೆರೆ ಎಳೆದು, ದಾರಿಯ ಒಂದೊಂದು ತುಂಡಿಗೂ ಎಣ್ಣೆ ಲೆಕ್ಕ ಹಾಕಿ ಕೂಡಿಸುತ್ತಿದ್ದೆವು. ಮೇಲಧಿಕಾರಿ ಪಿಂಟೊ ಸಾಹೇಬರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ನನಗೂ ಅಲ್ಲೇ ಇತ್ತಾದ್ದರಿಂದ ನಮ್ಮಿಬ್ಬರ ಸಂಸಾರ ಹೇಗೆ ನಡೆದಿರಬಹುದು ನೀವೇ ಊಹಿಸಿ. ಆದರೆ ಅವರು ಒಂದು ಪದ್ಧತಿ ಕಲಿಸಿದರು, ಅದಕ್ಕಾಗಿ ಅವರ ಎಲ್ಲ ಬೈಗುಳವನ್ನೂ ಮಾಫಿ ಮಾಡಿದ್ದೇನೆ. ಹಾಳೆಯನ್ನು ಕ್ಯಾಪ್ಟನ್ನನ ಕೈಗೆ ಸುಮ್ಮನೆ ತುರುಕುವಂತಿರಲಿಲ್ಲ. ಎದುರು ನಿಂತು, ಮುಖ ನೋಡಿ, ಗಟ್ಟಿಯಾಗಿ ಓದಬೇಕು. ಎಣ್ಣೆಯ ಅಂಕಿಯನ್ನು ಅವನು ತಿರುಗಿ ಹೇಳಬೇಕು. ಆಮೇಲೆ ಸಹಿ. ಕಾಗದದಲ್ಲಿ ಒಂದು, ಕ್ಯಾಪ್ಟನ್ನನ ತಲೆಯಲ್ಲಿ ಇನ್ನೊಂದು ಇರಬಾರದು ಎಂಬುದು ಅವರ ಹಟ.

ಒಂದು ಮಳೆಗಾಲದ ಮಧ್ಯಾಹ್ನ ನೆನಪಾಗುತ್ತದೆ. ಬಹಳ ಅನುಭವದ ಕ್ಯಾಪ್ಟನ್ ಒಬ್ಬ, ವಿಮಾನ ಭಾರವಾಯಿತು, ಬದಲಿ ಊರಿನ ಎಣ್ಣೆ ತೆಗೆ ಎಂದ. ಇಳಿಯುವ ಊರಿನ ಹವಾಮಾನದ ವರದಿ ಕೆಟ್ಟದಾಗಿತ್ತು. ನಾನು ತೆಗೆಯುವುದಿಲ್ಲ ಎಂದೆ. ಅವನು ಕೂಗಾಡಿದ, ನೀನು ಯಾವ ಊರಿನವಳು ಎಂದ, ಸವದತ್ತಿ ತಾಲೂಕಿನವಳು ಎಂದೆ. ಕೊನೆಗೆ ಹಲ್ಲು ಕಡಿಯುತ್ತ ಸಹಿ ಮಾಡಿ ಹೋದ. ಈಗ ನೀವು, ಆ ವಿಮಾನ ಮಳೆಗೆ ಸಿಕ್ಕಿಬಿದ್ದು ನಾನು ಹಾಕಿಸಿದ ಎಣ್ಣೆಯಿಂದಲೇ ಉಳಿಯಿತು ಎಂದುಕೊಳ್ಳುತ್ತಿದ್ದೀರಿ. ಹಾಗೇನೂ ಆಗಲಿಲ್ಲ. ಮೋಡ ಸರಿಯಿತು, ವಿಮಾನ ಹೊತ್ತಿಗೆ ಸರಿಯಾಗಿ ಇಳಿಯಿತು, ಎಣ್ಣೆಯೆಲ್ಲ ಹಾಗೆಯೇ ಉಳಿಯಿತು. ಮರುದಿನ ಆ ಕ್ಯಾಪ್ಟನ್ ಆಫೀಸಿಗೆ ಬಂದು ಎಲ್ಲರ ಮುಂದೆ ನನ್ನನ್ನು ಆಡಿಕೊಂಡು ನಕ್ಕ. ನಾವು ಹೇಳುವ ಇಲ್ಲ ಎಂಬ ಮಾತು ಬಹಳ ದಿನ ಹೀಗೆ ದಂಡವಾಗಿ ಕಾಣುತ್ತದೆ. ಕಾಣಲಿ. ಮರುದಿನ ಅಂಥದೇ ವರದಿ ಬಂದರೆ ಅಷ್ಟೇ ಎಣ್ಣೆ ಹಾಕಬೇಕು. ಅವನು ನಕ್ಕದ್ದಕ್ಕೆ ನನಗೆ ನೋವಾಗಿತ್ತು, ಸುಳ್ಳು ಹೇಳುವುದಿಲ್ಲ, ಆದರೆ ಎಣ್ಣೆ ಕಡಿಮೆ ಮಾಡಲಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ತಾಸುಗಟ್ಟಲೆ ಮಾಡುತ್ತಿದ್ದ ಲೆಕ್ಕ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯತೊಡಗಿತು. ನನಗೆ ಅದರ ಮೇಲೆ ದ್ವೇಷವಿಲ್ಲ, ಪೆನ್ಸಿಲ್ ಚೂಪು ಮಾಡಿ ಮಾಡಿ ಬೆರಳಿಗೆ ಬೊಬ್ಬೆ ಬಂದವಳು ನಾನು. ಆದರೆ ಹೊಸಬರು ಗಟ್ಟಿಯಾಗಿ ಓದುವುದನ್ನು ಬಿಟ್ಟರು. ಒಮ್ಮೆ ಕಂಪ್ಯೂಟರ್ ಹಿಂದಿನ ದಿನದ ಗಾಳಿಯನ್ನೇ ಹಿಡಿದುಕೊಂಡು ಪ್ಲಾನ್ ಕೊಟ್ಟಿತ್ತು. ಹಾಳೆ ಚಂದವಾಗಿತ್ತು, ಅಕ್ಷರ ದುಂಡಗಿದ್ದವು, ಯಾರಿಗೂ ಅನುಮಾನ ಬರಲಿಲ್ಲ. ಕ್ಯಾಪ್ಟನ್ ಹಳಬ, ಅಂಕಿಯನ್ನು ತಿರುಗಿ ಹೇಳುತ್ತ ಹೇಳುತ್ತ ತಾನೇ ತಡೆದು, ಇವತ್ತು ಇಷ್ಟು ಕಡಿಮೆ ಹೇಗೆ ಎಂದು ಕೇಳಿದ. ಹಾಗಾಗಿ ಉಳಿದೆವು.

ಇನ್ನು ಮನೆಯ ಕಥೆ. ನಮ್ಮವರು ರಾಮದುರ್ಗದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಊರೆಲ್ಲ ಮಾಸ್ತರರು ಎನ್ನುತ್ತದೆ, ನಾನೂ ಹಾಗೆಯೇ ಕರೆಯುತ್ತೇನೆ. ನಾನು ಮುಂಬಯಿಯಲ್ಲಿ, ಅವರು ರಾಮದುರ್ಗದಲ್ಲಿ, ರಜೆಗೊಮ್ಮೆ ಭೇಟಿ, ಇದೇ ನಮ್ಮ ಬಾಳುವೆಯಾಗಿತ್ತು. ಜನ ಏನೇನೋ ಅಂದರು, ಅಂದುಕೊಳ್ಳಲಿ ಎಂದು ಬಿಟ್ಟೆವು. ನಿವೃತ್ತರಾದ ಮೇಲೆ ಅವರ ರಾಮದುರ್ಗವೋ ನನ್ನ ಹೂಲಿಯೋ ಎಂಬ ಜಗಳ ಬೇಡವೆಂದು ಬೈಲಹೊಂಗಲದಲ್ಲಿ ಮನೆ ಮಾಡಿದೆವು. ಮಾಡಿದ್ದೇ ತಡ, ಮಾಸ್ತರರು ಮಾಳಿಗೆಯ ಕೋಣೆಯಲ್ಲಿ ದೊಡ್ಡ ಪರದೆ, ಸ್ಟಿಯರಿಂಗಿನಂಥ ಹಿಡಿಕೆ, ಕಾಲಿಗೆ ಪೆಡಲು ಎಲ್ಲ ಜೋಡಿಸಿ ವಿಮಾನ ಹಾರಿಸತೊಡಗಿದರು. ಸಿಮ್ಯುಲೇಟರ್ ಎನ್ನುವ ಇದು ಬರೀ ಆಟಿಕೆಯಲ್ಲ, ಒಳಗಿನ ಬಟನ್ನು ಮುಳ್ಳುಗಳೆಲ್ಲ ನಿಜದಂತೆಯೇ ಇರುತ್ತವೆ, ಹೊರಗೆ ಆ ಹೊತ್ತಿನ ನಿಜವಾದ ಮೋಡ ಗಾಳಿ ಬರುತ್ತವೆ. ಮೊದಲ ವಾರ ಅವರು ಕಿತ್ತೂರಿನ ಕೋಟೆ ಹುಡುಕಿದರು, ಮಲಪ್ರಭೆಯ ಗುಂಟ ಹೋಗಿ ತಮ್ಮ ಹೈಸ್ಕೂಲು ಹುಡುಕಿದರು. ರಾಮದುರ್ಗವಿರಬೇಕಾದಲ್ಲಿ ಬರೀ ಹಸಿರು ಬಯಲು, ನಾಲ್ಕು ಡಬ್ಬಿಯಂಥ ಮನೆ. ಇಡೀ ಸಂಜೆ ಮುಖ ಊದಿಸಿಕೊಂಡು ಕುಳಿತಿದ್ದರು.

ಆಮೇಲೆ ಅವರಿಗೆ ದೊಡ್ಡ ವಿಮಾನದ ಹುಚ್ಚು ಹತ್ತಿತು. ದೊಡ್ಡ ವಿಮಾನಕ್ಕೆ ಪ್ಲಾನ್ ಬೇಕು, ಪ್ಲಾನಿಗೆ ಸಾಫ್ಟ್‌ವೇರ್ ಬೇಕು. ಮನೆಯಲ್ಲಿ ಇಷ್ಟು ವರ್ಷ ಅದನ್ನೇ ಮಾಡಿದವಳು ಇದ್ದೇನೆ, ಒಂದು ಮಾತು ಕೇಳಬೇಕೋ ಬೇಡವೋ? ಇಲ್ಲ. ತಾವೇ ಆರಿಸಿದರು. ನಕ್ಷೆ ಮದುವೆಯ ಆಲ್ಬಮ್ಮಿನಂತೆ ಮಿನುಗುತ್ತಿತ್ತು.

"ನೋಡು, ಒಂದ ಬಟನ್ ಒತ್ತಿದ್ರ ಸಾಕು, ಎಲ್ಲಾ ತಾನ ಮಾಡ್ತದ" ಎಂದರು.

"ಎಲ್ಲಾ ಅದ ಮಾಡ್ತದಂದ್ರ ನೀವ್ಯಾಕ ಅಲ್ಲಿ ಕೂತೀರಿ?" ಎಂದೆ.

ಹುಬ್ಬಳ್ಳಿಯಿಂದ ಕೊಚ್ಚಿಗೆ ಹೊರಟರು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ನಾ ಸತ್ತೆ ನೋಡು."

"ಎಲ್ಲಿ?"

"ಕೊಚ್ಚಿ ಇನ್ನೇನು ಕಾಣಬೇಕು, ಸಮುದ್ರದಾಗ ಬಿದ್ದೆ. ಎಣ್ಣಿ ಮುಗೀತು."

"ಹಂಗಾದ್ರ ಚಹಾ ಕುಡೀರಿ, ಆರಿ ಹೋಗ್ತದ."

ಮೇಲೆ ಹೋಗಿ ನೋಡಿದೆ. ಸಾಫ್ಟ್‌ವೇರಿನ ಪಟ್ಟಿಯಲ್ಲಿ ಇವರು ಆರಿಸಿದ್ದು ಹೊಸ ಎಂಜಿನ್ನಿನ, ಕಡಿಮೆ ಎಣ್ಣೆ ಕುಡಿಯುವ ವಿಮಾನ. ಪರದೆಯ ಮೇಲೆ ಹಾರಿಸಿದ್ದು ಅದೇ ಹೆಸರಿನ ಹಳೆಯ ವಿಮಾನ, ಕುಡಿತ ಜಾಸ್ತಿ. ಸಾಲದ್ದಕ್ಕೆ ಸಾಫ್ಟ್‌ವೇರ್ ಗಾಳಿಯೇ ಇಲ್ಲವೆಂದು ಲೆಕ್ಕ ಹಾಕಿತ್ತು, ಸಿಮ್ಯುಲೇಟರಿನಲ್ಲಿ ನಿಜವಾದ ಎದುರುಗಾಳಿ ಬೀಸುತ್ತಿತ್ತು. ಎರಡೂ ಬೇರೆ ಬೇರೆ ಆಕಾಶದಲ್ಲಿದ್ದವು. ಎಣ್ಣೆಗೆ ಕೊಟ್ಟದ್ದು ಒಂದೇ ಒಂದು ಮೊತ್ತ. ಅದರಲ್ಲಿ ದಾರಿಗೆ ಎಷ್ಟು, ಬದಲಿ ಊರಿಗೆ ಎಷ್ಟು, ಕೊನೆಯ ಆಪತ್ತಿಗೆ ಎಷ್ಟು, ಬಿಡಿಸಿ ತೋರಿಸುವ ಗೋಜೇ ಇಲ್ಲ.

ಅವತ್ತಿನಿಂದ ಆಯ್ಕೆ ನನ್ನ ಕೈಗೆ ಬಂತು. ಮನೆಯಲ್ಲಿ ಹಾರಿಸುವವರು ನನ್ನನ್ನು ಈಗಲೂ ಕೇಳುತ್ತಿರುತ್ತಾರೆ, ಯಾವುದು ಛಲೋ ಎಂದು. ಹೆಸರು ಹೇಳುವುದಿಲ್ಲ, ಹೆಸರು ವರ್ಷಕ್ಕೊಮ್ಮೆ ಬದಲಾಗುತ್ತವೆ. ಎಣ್ಣೆಯ ಲೆಕ್ಕವನ್ನು ಬಿಡಿಸಿ ತೋರಿಸುತ್ತದೆಯೇ ನೋಡಿ. ಅದರ ಗಾಳಿ ಎಲ್ಲಿಂದ ಬರುತ್ತದೆ, ನಿಮ್ಮ ಸಿಮ್ಯುಲೇಟರಿನ ಗಾಳಿಯೂ ಅದೇ ಹೊತ್ತಿನದೇ ಎಂದು ನೋಡಿ. ಆಕಾಶದ ದಾರಿಗಳ ಹೆಸರು ಆಗಾಗ ಬದಲಾಗುತ್ತವೆ, ಎರಡೂ ಕಡೆ ಒಂದೇ ಆವೃತ್ತಿ ಇರಲಿ, ಇಲ್ಲದಿದ್ದರೆ ಪ್ಲಾನ್ ಹೇಳಿದ ದಾರಿ ನಿಮ್ಮ ವಿಮಾನಕ್ಕೆ ಗೊತ್ತೇ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಅದು ಕೊಟ್ಟದ್ದನ್ನು ನೀವು ಅಳಿಸಿ ಬೇರೆ ಬರೆಯಲು ಬಿಡುತ್ತದೆಯೇ? ಬಿಡದಿದ್ದರೆ ತೆಗೆದು ಆಚೆ ಎಸೆಯಿರಿ. ಹೀಗೆ ಜರಡಿ ಹಿಡಿದು ನಾನು ಆರಿಸಿದ್ದು ಬಿಳಿ ಹಾಳೆಯ ಮೇಲೆ ಕರಿ ಅಕ್ಷರವಷ್ಟೇ ಇರುವ, ನೋಡಿದರೆ ನಿದ್ದೆ ಬರುವಂಥದ್ದು. ಮಾಸ್ತರರು ಗೊಣಗಿದರು. ಹಾಳೆ ಛಾಪಿಸಿ, ಗಟ್ಟಿಯಾಗಿ ಓದಿ, ಇಬ್ಬರೂ ಸಹಿ ಮಾಡಿದ ಮೇಲೆಯೇ ವಿಮಾನ ಬಿಡುವುದು ಎಂಬ ನಿಯಮ ಮಾಡಿದಾಗ ಇನ್ನೂ ಗೊಣಗಿದರು.

"ಮನ್ಯಾಗ ಸುದ್ಧಾ ಸಹಿ ಏನ?"

"ಹಾರೂದಿದ್ರ ಸಹಿ. ಇಲ್ಲಾಂದ್ರ ಟೀವಿ ನೋಡ್ರಿ."

ಹೀಗಿರುವಾಗ ಒಂದು ದಿನ ನೇಸರಗಿಯಿಂದ ಶಾಂತವ್ವ ಬಂದಳು. ಅಲ್ಲಿಯ ಪೇಟೆಯಲ್ಲಿ ಬಟ್ಟೆಯ ಅಂಗಡಿ ಇಟ್ಟವಳು, ಅವಳ ದನಿಗೆ ಫೋನು ಬೇಕಿಲ್ಲ. ಜೊತೆಗೆ ಸೊಸೆ ಗಂಗಾ. ಹುಡುಗಿ ಡಿಸ್ಪ್ಯಾಚರ್ ತರಬೇತಿ ಮುಗಿಸಿದ್ದಳು, ಸೊಸೆಯನ್ನು ಓದಿಸಿದವಳು ಈ ಅತ್ತೆಯೇ.

"ಬಾಯಾರ, ಈಕಿಗಿ ಎಲ್ಲಾ ಬರತೈತ್ರಿ. ವಿಮಾನ ಕಂಪನ್ಯಾಗ ಸಂದರ್ಶನಕ್ಕ ಹೋಗಿ ಯಾಕ ನಪಾಸಾದಳೊ ಆ ಶಿವಗ ಗೊತ್ತು. ಇನ್ನೊಂದ ಸಲ ಕರದಾರ. ಇದರಾಗೂ ಆಗಲಿಲ್ಲಂದ್ರ ಮತ್ತ ಆ ಕಂಪನ್ಯಾಗ ಬಾಗಲಾ ಮುಚ್ಚಿದಂಗಂತ. ಏನ್ ಮಾಡ್ತೀರೊ ಮಾಡ್ರಿ, ನಿಮ್ಮ ಉಡ್ಯಾಗ ಹಾಕೇನಿ."

ಗಂಗಾ ನೆಲ ನೋಡುತ್ತ ಕುಳಿತಿದ್ದಳು. ಅವಳನ್ನು ಮಾಳಿಗೆಗೆ ಕರೆದುಕೊಂಡು ಹೋಗಿ ಸಾಫ್ಟ್‌ವೇರ್ ಮುಂದೆ ಕೂರಿಸಿದೆ. ಎಂಥ ಚುರುಕು ಕೈ! ದಾರಿ, ಗಾಳಿ, ಎಣ್ಣೆ, ಎಲ್ಲಿಯೂ ತಡವರಿಸಲಿಲ್ಲ. ಕೇಳಿದ್ದಕ್ಕೆಲ್ಲ ಕಾರಣ ಹೇಳಿದಳು. ಹಾಗಾದರೆ ನಪಾಸು ಯಾಕೆ?

"ಅಲ್ಲಿ ಒಬ್ಬ ಸರ್ ಕ್ಯಾಪ್ಟನ್ ಆಗಿ ಕುಂತಿದ್ರುರಿ. ಹಿರಿಯಾರು, ತಲಿ ಎಲ್ಲಾ ಬೆಳ್ಳಗಾಗಿತ್ತು. ಬದಲಿ ಊರಿನ ಎಣ್ಣಿ ತಗಿ ಅಂದ್ರು. ತಗೀಬಾರದಿತ್ರಿ, ಹವಾ ಕೆಟ್ಟಿತ್ತು. ಆದ್ರ ಆತ್ರಿ ಅಂದೆ."

"ಅಂದು? ತಗದಿ?"

"ಇಲ್ರಿ. ಹಂಗ ಬಿಟ್ಟು ಸಹಿ ಮಾಡಿದೆ."

ನಾನು ಹಣೆ ಚಚ್ಚಿಕೊಂಡೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿರಿಯರು ತಪ್ಪು ಹೇಳಿದರೆ ಎದುರಾಡುವ ಪದ್ಧತಿ ನಮ್ಮಲ್ಲಿಲ್ಲ. ಆತ್ರಿ ಎಂದು ಗೋಣು ಹಾಕಿ, ಆಮೇಲೆ ಸರಿ ಕಂಡದ್ದನ್ನು ಸದ್ದಿಲ್ಲದೆ ಮಾಡುತ್ತೇವೆ. ಎಷ್ಟೋ ಸೊಸೆಯಂದಿರು ಹೀಗೆಯೇ ಮನೆ ನಡೆಸಿದ್ದಾರೆ, ಯಾರಿಗೂ ನೋವಾಗಿಲ್ಲ. ಆದರೆ ಗಂಗಾ ಮಾಡಿದ್ದರಿಂದ ಕಾಗದದಲ್ಲಿ ಒಂದು ಎಣ್ಣೆ, ಕ್ಯಾಪ್ಟನ್ನನ ತಲೆಯಲ್ಲಿ ಇನ್ನೊಂದು. ಎಣ್ಣೆ ತೆಗೆಯುವುದಕ್ಕಿಂತ ಇದು ಕೆಟ್ಟದ್ದು. ಹೇಳಿದೆ. ಆತ್ರಿ ಎಂದಳು!

ನೇಸರಗಿಯ ಬಸ್ಸಿಗೆ ದಿನಾ ಬರತೊಡಗಿದಳು. ಅವಳು ಪ್ಲಾನ್ ಮಾಡುವುದು, ಮಾಸ್ತರರು ಕ್ಯಾಪ್ಟನ್ ಆಗಿ ಕಾಡುವುದು, ಆಮೇಲೆ ಹಾರಿಸುವುದು. ಒಂದು ದಿನ ಮುಂಬಯಿಯಿಂದ ಬೆಳಗಾವಿಗೆ ಬರುವ ಪ್ಲಾನ್. ಮಾಸ್ತರರು ಮೆತ್ತಗೆ, "ಮಗಳ, ಬದಲಿ ಊರಿನ ಎಣ್ಣಿ ತಗಿ, ವಿಮಾನ ಹಗುರಾಗ್ತದ" ಎಂದರು. ಗಂಗಾ ಆತ್ರಿ ಮಾಸ್ತರ ಎಂದಳು. ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ಸೌಕರ್ಯವಿದೆ, ಒಂದು ಬಟನ್ ಒತ್ತಿದರೆ ಪ್ಲಾನಿನ ಎಣ್ಣೆ ನೇರವಾಗಿ ಸಿಮ್ಯುಲೇಟರಿನ ಟ್ಯಾಂಕಿಗೆ ತುಂಬಿಬಿಡುತ್ತದೆ. ಅವಳು ಒತ್ತಿದಳು. ನಾನು ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದೆ, ಓದಿಸಲೂ ಇಲ್ಲ.

ಮಾಸ್ತರರು ವಿಮಾನ ಹಗುರವಾಗಿದೆ ಎಂದುಕೊಂಡು ಇಳಿಯುವಾಗ ಅದಕ್ಕೆ ತಕ್ಕ ಕಡಿಮೆ ವೇಗ ಇಟ್ಟರು. ಎಣ್ಣೆಯ ಮುಳ್ಳು ನೋಡುವ ಅಭ್ಯಾಸ ಅವರಿಗೆ ಮೊದಲೇ ಕಡಿಮೆ. ಭಾರದ ವಿಮಾನ ಆ ವೇಗಕ್ಕೆ ನಿಲ್ಲಲಿಲ್ಲ, ರನ್‌ವೇ ಮೇಲೆ ಧಡ್ ಎಂದು ಕುಕ್ಕರಿಸಿತು. ಗಾಲಿ ಮುರಿದು ಪರದೆ ಕೆಂಪಗಾಯಿತು.

"ಗಂಗಾ, ಎಣ್ಣಿ ತಗದಿಲ್ಲೇನ?"

"ಇಲ್ರಿ."

"ಹೂಂ ಅಂದಿದ್ಯಲ್ಲಾ!"

"ಅಂದಿದ್ನಿರಿ. ನೀವು ಬ್ಯಾಸರ ಮಾಡ್ಕೋಬಾರದಂತ."

"ನಾ ಬ್ಯಾಸರ ಮಾಡ್ಕೊಳ್ಳಲಿಲ್ಲವ್ವಾ. ಮಂದೀನ ಕರಕೊಂಡು ನೆಲಕ್ಕ ಬಡದೆ" ಎಂದರು ಮಾಸ್ತರರು. ಅವರ ಮುಖ ನಿಜಕ್ಕೂ ಬಾಡಿತ್ತು.

ತಪ್ಪು ಏನೆಂದು ಗಂಗಾಳಿಗೆ ತಿಳಿಯಿತು, ಆದರೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ನಾನೂ ಬಿಡುವವಳಲ್ಲ. ಮೊದಲು ಯಂತ್ರಕ್ಕೆ ಇಲ್ಲ ಎನ್ನುವುದನ್ನು ಕಲಿಸಿದೆ. ಸಾಫ್ಟ್‌ವೇರ್ ಕೊಟ್ಟ ದಾರಿ ಅಳಿಸಿ ಬೇರೆ ಬರೆದಳು, ಅದು ಸಲೀಸು, ಯಂತ್ರಕ್ಕೆ ತಲೆ ನರೆಯುವುದಿಲ್ಲ. ಆಮೇಲೆ ಮಾಸ್ತರರು ಮೂರನೆಯ ಸಲ ಚಹಾ ಕೇಳಿದಾಗ ಇಲ್ಲ ಅನ್ನು ಎಂದೆ. ಅವಳು ಆತ್ರಿ ಎಂದು ನನಗೆ ಹೇಳಿ, ಅವರಿಗೆ ಚಹಾ ಸೋಸಿದಳು. ಮಾಸ್ತರರು ಅದನ್ನು ಕುಡಿದೂ ಕುಡಿದರು! ಇಬ್ಬರಿಗೂ ಬೈದೆ.

ಸಂದರ್ಶನಕ್ಕೆ ಇನ್ನು ಕೆಲವೇ ದಿನ ಉಳಿದಿದ್ದಾಗ ಕೊನೆಯ ಪರೀಕ್ಷೆ ಇಟ್ಟೆ. ಮಾಸ್ತರರಿಗೆ ಗದರಿಸಿ ಮಾತಾಡಲು ಹೇಳಿಕೊಟ್ಟಿದ್ದೆ, ಪಾಪ, ಅವರು ತಮ್ಮ ಹೆಡ್ಮಾಸ್ತರರನ್ನು ನೆನೆದು ಎಣ್ಣೆ ತೆಗೆ ಎಂದು ಗದರಿಸಿದರು. ಗಂಗಾಳ ತುಟಿ ಅಲುಗಿತು. ಕಣ್ಣು ನೆಲಕ್ಕೆ ಹೋಯಿತು. ಮತ್ತೆ ಅದೇ, ಆತ್ರಿ.

ನನ್ನ ತಲೆ ಕೆಟ್ಟುಹೋಯಿತು. "ಸಾಕು! ಈ ಸಲ ನೀ ಹೋಗಬ್ಯಾಡ. ಹೋಗಿ ಮತ್ತ ಹಂಗ ಮಾಡಿದ್ರ ಇದ್ದ ಒಂದು ಅವಕಾಶಾನೂ ಮಣ್ಣು ಪಾಲು. ಮೈಯಾಗ ಆರಾಮಿಲ್ಲಂತ ಹೇಳಿ ತಾರೀಖು ಮುಂದ ಹಾಕಿಸು. ತಿಳೀತಿಲ್ಲೊ?"

"ಆತ್ರಿ ಬಾಯಾರ" ಎಂದಳು. ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು.

ನಾನು ಕುರ್ಚಿಯಲ್ಲಿ ಕುಸಿದೆ. ಸೋತೆ ಅನ್ನಿಸಿತು. ಎಷ್ಟೋ ಜನರನ್ನು ತಯಾರು ಮಾಡಿದವಳು, ಈ ಒಂದು ಹುಡುಗಿಯ ಬಾಯಿಂದ ಒಂದು ಶಬ್ದ ಹೊರಡಿಸಲು ಆಗಲಿಲ್ಲವಲ್ಲ ಎಂದು ಅಳು ಬಂತು. ಮಾಸ್ತರರು ಸಿಮ್ಯುಲೇಟರ್ ಬಂದ್ ಮಾಡಿದರು.

ಮೆಟ್ಟಿಲ ಮೇಲೆ ಮತ್ತೆ ಹೆಜ್ಜೆ ಸದ್ದು. ಗಂಗಾ ಬಾಗಿಲಲ್ಲಿ ನಿಂತಿದ್ದಳು. ಏದುಸಿರು. ಬಸ್ ಸ್ಟ್ಯಾಂಡಿನ ಅರ್ಧ ದಾರಿ ಹೋಗಿ ತಿರುಗಿ ಬಂದಿದ್ದಳಂತೆ. ನೇರವಾಗಿ ಬಂದು ನನ್ನ ಕಾಲು ಮುಟ್ಟಿದಳು, ಎದ್ದು ನಿಂತಳು, ಮೊದಲ ಸಲ ನನ್ನ ಕಣ್ಣು ನೋಡಿದಳು.

"ಇಲ್ರಿ ಬಾಯಾರ. ನಾ ಸಂದರ್ಶನಕ್ಕ ಹೊಕ್ಕೇನ್ರಿ."

"ಏನಂದಿ?"

"ತಾರೀಖ ಮುಂದ ಹಾಕಂಗಿಲ್ರಿ. ನಿಮಗ ಹೂಂ ಅಂದು, ನಿಮಗ ಹೇಳದನ ಹೋಗಿಬಿಡಾಕಿ ಇದ್ನಿರಿ. ಹಾದ್ಯಾಗ ಹೋಗೂಮುಂದ ತಿಳೀತು, ಇದೂ ಅದ ಆತಲ್ಲ ಅಂತ. ಅದಕ ನಿಮ್ಮ ಎದರ ಹೇಳಾಕ ಬಂದೆ. ನೀವು ಬೈರಿ, ಬಡೀರಿ. ನಾ ಹೊಕ್ಕೇನಿ."

ನನ್ನ ಜನ್ಮದಲ್ಲಿ ಯಾರಾದರೂ ನನಗೆ ಎದುರಾಡಿ ನನಗೆ ಇಷ್ಟು ಸಂತೋಷವಾದದ್ದಿಲ್ಲ. ಆದರೂ ಅಭ್ಯಾಸಬಲ, ಸುಮ್ಮನಿರಲಿಲ್ಲ, ಇನ್ನೂ ಎರಡು ಸಲ ಗದರಿಸಿ ನೋಡಿದೆ. ಎರಡೂ ಸಲ ಅದೇ ಉತ್ತರ ಬಂತು. ಮಾಸ್ತರರು ಸಿಮ್ಯುಲೇಟರನ್ನು ಮತ್ತೆ ಹಚ್ಚಿದರು. ಅವಳು ಹಾಳೆ ಛಾಪಿಸಿ, ಅವರ ಮುಖ ನೋಡಿ, ಗಟ್ಟಿಯಾಗಿ ಓದಿದಳು. ಎಣ್ಣೆ ತೆಗೆ ಎಂದರು, ತೆಗೆಯಲಿಲ್ಲ. ಹಾರಿದರು, ಆಕಾಶ ಪೂರ್ತಿ ತಿಳಿಯಾಗಿತ್ತು, ಬದಲಿ ಎಣ್ಣೆ ಹಾಗೆಯೇ ಉಳಿಯಿತು. "ನೋಡು, ಸುಮ್ಮನ ಹೊತ್ತುಕೊಂಡು ಬಂದೆ" ಎಂದು ಮಾಸ್ತರರು ಚುಚ್ಚಿದರು. "ನಾಳೆನೂ ಹೊರಸ್ತೇನ್ರಿ" ಎಂದಳು.

ಅವಳಿಗೆ ಆ ಕೆಲಸ ಸಿಕ್ಕಿತು. ಸಂದರ್ಶನದ ದಿನ ಸಂಜೆ ಶಾಂತವ್ವ ಫೋನಿನಲ್ಲಿ ಕೂಗಿದ್ದು ಓಣಿಗೆಲ್ಲ ಕೇಳಿಸಿರಬೇಕು. ಆದರೆ ಇನ್ನೂ ಏನೂ ತೀರ್ಮಾನವಾಗದಿದ್ದಾಗ, ಅದೇ ಮಧ್ಯಾಹ್ನ, ಗಂಗಾ ಮಾಡಿದ ಫೋನು ನನ್ನ ಕಿವಿಯಲ್ಲಿ ಉಳಿದಿದೆ.

"ಬಾಯಾರ, ಅದ ಸರ್ ಕುಂತಿದ್ರುರಿ. ಎಣ್ಣಿ ತಗಿ ಅಂದ್ರು. ತಗಿಯಂಗಿಲ್ಲ ಅಂದೆ."

"ಅವರೇನಂದ್ರು?"

"ಸಿಟ್ಟಾದ್ರು. ಹೋಗಿ ಹೊರಗ ಕುಂದ್ರಂದಾರ. ಕೆಲಸ ಹೋತೊ ಏನೊ ಗೊತ್ತಿಲ್ರಿ."

"ಹೋದ್ರ ಹೋಗಲಿ ಬಿಡು. ಈಗ ಒಳಗ ಕರದು, ಎಣ್ಣಿ ತಗದ್ರ ಕೆಲಸ ಕೊಡ್ತೀವಿ ಅಂದ್ರ ತಗೀತಿಯೇನು?"

ನನ್ನ ಮಾತು ಮುಗಿಯುವುದರೊಳಗೇ ಉತ್ತರ ಬಂತು.

"ಇಲ್ರಿ."